ಓರಗೆಯ ಮಾತು: ಪ್ರೌಢಶಾಲೆಯ ಆರೋಗ್ಯ ಶಿಕ್ಷಣ ಮತ್ತು ಕನ್ನಡ ನುಡಿ

1. ಪೀಠಿಕೆ

ಹದಿಹರೆಯದ ಮಕ್ಕಳಿಗೆ ಅವರ ದೇಹ, ಲೈಂಗಿಕತೆ ಮತ್ತು ಸಂತಾನೋತ್ಪತ್ತಿ ಆರೋಗ್ಯವನ್ನು ಕುರಿತ ತಿಳಿವಳಿಕೆಯನ್ನು ಯಾರು ನೀಡಬೇಕು ಎಂಬುದು ಬಹುಕಾಲದಿಂದ ಚರ್ಚೆಯಲ್ಲಿರುವ ಪ್ರಶ್ನೆ. ತಾಯಿತಂದೆ, ವಿಜ್ಞಾನದ ಅಧ್ಯಾಪಕರು, ವೈದ್ಯರು, ಆರೋಗ್ಯ ಕಾರ್ಯಕರ್ತೆಯರು ಹೀಗೆ ಒಬ್ಬರಾದ ಮೇಲೊಬ್ಬರ ಹೆಗಲಿಗೆ ಈ ಹೊಣೆಯನ್ನು ದಾಟಿಸುತ್ತ ಬರಲಾಗಿದೆ. ಈ ಸಾಲಿಗೆ ಸೇರಿದ ಇನ್ನೊಂದು ಉತ್ತರವೆಂದರೆ ಮಕ್ಕಳಲ್ಲಿಯೇ ಕೆಲವರನ್ನು ಆಯ್ದು, ತರಬೇತಿ ನೀಡಿ, ಅವರ ಮೂಲಕ ಉಳಿದವರೊಂದಿಗೆ ಮಾತನಾಡಿಸುವ ಕ್ರಮ. ಸರ್ಕಾರದ ಕಾಗದಗಳಲ್ಲಿ ಇದಕ್ಕೆ ‘ಸಮವಯಸ್ಕರ ಶಿಕ್ಷಣ’ ಎಂಬ ಹೆಸರಿದೆ. ಕನ್ನಡದಲ್ಲಿ ಇದಕ್ಕೆ ಮೊದಲಿನಿಂದಲೂ ಒಂದು ಮಾತಿದೆ. ಒಂದೇ ವಯಸ್ಸಿನ, ಒಂದೇ ಸಾಟಿಯ ಜನರನ್ನು ‘ಓರಗೆಯವರು’ ಎನ್ನುತ್ತಾರೆ. ಹಳ್ಳಿಗಳ ಆಡುಮಾತಿನಲ್ಲಿ ಅದು ‘ವಾರಗೆಯವರು’ ಆಗುತ್ತದೆ. ‘ಸಮವಯಸ್ಕ’ ಎಂಬುದು ವಯಸ್ಸಿನ ಲೆಕ್ಕವನ್ನಷ್ಟೇ ಹೇಳಿದರೆ ‘ಓರಗೆ’ ಎಂಬುದು ಜೊತೆಯಲ್ಲಿ ಬೆಳೆದವರ ಸಲಿಗೆಯನ್ನೂ ಸೂಚಿಸುತ್ತದೆ. ಆದುದರಿಂದ ಇಲ್ಲಿ ಈ ಕ್ರಮವನ್ನು ‘ಓರಗೆಯ ಶಿಕ್ಷಣ’ ಎಂದು ಕರೆಯಲಾಗಿದೆ.

ಈ ವಿಷಯವನ್ನು ಇದುವರೆಗೆ ವೈದ್ಯಕೀಯ, ಸಮಾಜಕಾರ್ಯ ಮತ್ತು ಶಿಕ್ಷಣಶಾಸ್ತ್ರಗಳ ನೆಲೆಯಿಂದ ಹೆಚ್ಚಾಗಿ ನೋಡಲಾಗಿದೆ. ಆದರೆ ಒಬ್ಬ ಹುಡುಗಿ ತನ್ನ ಗೆಳತಿಗೆ, ಒಬ್ಬ ಹುಡುಗ ತನ್ನ ಗೆಳೆಯನಿಗೆ ಮೈಯ ಬಗ್ಗೆ ಏನನ್ನಾದರೂ ತಿಳಿಸಬೇಕಾದರೆ ಮೊದಲು ಬೇಕಾಗುವುದು ಒಂದು ಪದ. ಆ ಪದ ಯಾವುದು, ಅದು ಎಲ್ಲಿಂದ ಬರಬೇಕು, ಅದನ್ನು ತರಗತಿಯಲ್ಲಿ ನಾಚಿಕೆಯಿಲ್ಲದೆ, ಅವಮಾನವಿಲ್ಲದೆ ಆಡಲು ಸಾಧ್ಯವೇ ಎಂಬ ಪ್ರಶ್ನೆಗಳು ನೇರವಾಗಿ ಭಾಷೆಗೆ ಸಂಬಂಧಿಸಿದವು. ಓರಗೆಯ ಶಿಕ್ಷಣದ ಯಶಸ್ಸು ಬಹುಮಟ್ಟಿಗೆ ಒಂದು ನಡುಮಟ್ಟದ ನುಡಿಯನ್ನು ಕಂಡುಕೊಳ್ಳುವುದರಲ್ಲಿದೆ ಎಂಬುದನ್ನು ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಪರಿಸರವನ್ನು, ವಿಶೇಷವಾಗಿ ಹುಣಸೂರು ತಾಲ್ಲೂಕಿನ ಗುರುಪುರದ ಸುತ್ತಲಿನ ಭಾಷಾಸ್ಥಿತಿಯನ್ನು ಗಮನದಲ್ಲಿರಿಸಿಕೊಂಡು ಪರಿಶೀಲಿಸುವುದು ಈ ಲೇಖನದ ಉದ್ದೇಶ.

2. ಯೋಜನೆಗಳ ಹಿನ್ನೆಲೆ

ಭಾರತದ ಶಾಲೆಗಳಲ್ಲಿ ಈ ವಿಷಯವು ಮೊದಲು ಪ್ರವೇಶಿಸಿದ್ದು ಜನಸಂಖ್ಯಾ ಶಿಕ್ಷಣದ ಹೆಸರಿನಲ್ಲಿ. 1980ರಲ್ಲಿ ಆರಂಭವಾದ ರಾಷ್ಟ್ರೀಯ ಜನಸಂಖ್ಯಾ ಶಿಕ್ಷಣ ಯೋಜನೆಯ ಗಮನ ಚಿಕ್ಕ ಕುಟುಂಬದ ಮೇಲಿತ್ತೇ ಹೊರತು ಮಗುವಿನ ದೇಹದ ಮೇಲಿರಲಿಲ್ಲ. 1994ರಲ್ಲಿ ಕೈರೋ ನಗರದಲ್ಲಿ ನಡೆದ ಜನಸಂಖ್ಯೆ ಮತ್ತು ಅಭಿವೃದ್ಧಿ ಕುರಿತ ಅಂತರರಾಷ್ಟ್ರೀಯ ಸಮ್ಮೇಳನವು ಸಂಖ್ಯೆಯ ನಿಯಂತ್ರಣದಿಂದ ವ್ಯಕ್ತಿಯ ಆರೋಗ್ಯ ಮತ್ತು ಹಕ್ಕಿನ ಕಡೆಗೆ ಚರ್ಚೆಯನ್ನು ತಿರುಗಿಸಿತು. ಅದೇ ಕಾಲದಲ್ಲಿ ಎಚ್‌ಐವಿ ಸೋಂಕಿನ ಭೀತಿಯೂ ಸೇರಿಕೊಂಡು, 2005ರಲ್ಲಿ ಕೇಂದ್ರ ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವಾಲಯ ಮತ್ತು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಗಳು ಜೊತೆಯಾಗಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ಜಾರಿಗೆ ತಂದವು.

ಎರಡೇ ವರ್ಷಗಳಲ್ಲಿ ಇದಕ್ಕೆ ವಿರೋಧ ಹುಟ್ಟಿತು. 2007ರಲ್ಲಿ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ಈ ಪಾಠಗಳನ್ನು ತಡೆಹಿಡಿದವು. 2009ರಲ್ಲಿ ಎಂ. ವೆಂಕಯ್ಯನಾಯ್ಡು ಅವರ ಅಧ್ಯಕ್ಷತೆಯ ರಾಜ್ಯಸಭೆಯ ಅರ್ಜಿಗಳ ಸಮಿತಿಯು ಶಾಲೆಗಳಲ್ಲಿ ಲೈಂಗಿಕ ಶಿಕ್ಷಣ ಬೇಡವೆಂಬ ನಿಲುವನ್ನು ಮಂಡಿಸಿತು. ಅದೇ ವರ್ಷ ಯುನೆಸ್ಕೊ ಸಂಸ್ಥೆಯು ಲೈಂಗಿಕತೆಯ ಶಿಕ್ಷಣಕ್ಕೆ ಅಂತರರಾಷ್ಟ್ರೀಯ ಮಾರ್ಗದರ್ಶಿಯನ್ನು ಹೊರತಂದುದು ಒಂದು ವೈರುಧ್ಯ. ಆ ಮಾರ್ಗದರ್ಶಿಯ ಪರಿಷ್ಕೃತ ಆವೃತ್ತಿ 2018ರಲ್ಲಿ ಪ್ರಕಟವಾಯಿತು.

ಮುಂದಿನ ಹಂತದಲ್ಲಿ ಈ ವಿಷಯವು ಶಿಕ್ಷಣ ಇಲಾಖೆಯ ಬಾಗಿಲನ್ನು ಬಿಟ್ಟು ಆರೋಗ್ಯ ಇಲಾಖೆಯ ಬಾಗಿಲಿನಿಂದ ಒಳಗೆ ಬಂದಿತು. 2014ರ ಜನವರಿಯಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮವು 10ರಿಂದ 19 ವರ್ಷದವರನ್ನು ಉದ್ದೇಶಿಸಿದ್ದು, ಪೌಷ್ಟಿಕತೆ, ಮಾನಸಿಕ ಆರೋಗ್ಯ, ಮಾದಕ ವಸ್ತುಗಳ ದುರ್ಬಳಕೆ, ಗಾಯ ಮತ್ತು ಹಿಂಸೆ, ಅಸಾಂಕ್ರಾಮಿಕ ರೋಗಗಳು ಎಂಬ ವಿಷಯಗಳ ಜೊತೆಯಲ್ಲಿ ಲೈಂಗಿಕ ಮತ್ತು ಸಂತಾನೋತ್ಪತ್ತಿ ಆರೋಗ್ಯವನ್ನೂ ಇರಿಸಿತು. ಓರಗೆಯ ಶಿಕ್ಷಕರು ಈ ಕಾರ್ಯಕ್ರಮದ ಮುಖ್ಯ ಅಂಗ. ಅವರಿಗೆ ಇಡೀ ದೇಶದಲ್ಲಿ ‘ಸಾಥಿಯಾ’ ಎಂಬ ಹಿಂದಿ ಹೆಸರನ್ನೇ ಇಡಲಾಯಿತು. ಅವರಿಗಾಗಿ ಸಿದ್ಧಪಡಿಸಿದ ಸಾಮಗ್ರಿ 2017ರಲ್ಲಿ ಬಿಡುಗಡೆಯಾಯಿತು. 2020ರ ಫೆಬ್ರವರಿಯಲ್ಲಿ ಆಯುಷ್ಮಾನ್ ಭಾರತದ ಅಡಿಯಲ್ಲಿ ಆರಂಭವಾದ ಶಾಲಾ ಆರೋಗ್ಯ ಕಾರ್ಯಕ್ರಮವು ಪ್ರತಿ ಶಾಲೆಯಿಂದ ಒಬ್ಬ ಶಿಕ್ಷಕ ಮತ್ತು ಒಬ್ಬ ಶಿಕ್ಷಕಿಯನ್ನು ಆರೋಗ್ಯ ರಾಯಭಾರಿಗಳೆಂದೂ ಪ್ರತಿ ತರಗತಿಯಿಂದ ಇಬ್ಬರು ವಿದ್ಯಾರ್ಥಿಗಳನ್ನು ಸಂದೇಶವಾಹಕರೆಂದೂ ಗುರುತಿಸುವ ವ್ಯವಸ್ಥೆಯನ್ನು ಮಾಡಿತು.

ಈ ಕೊನೆಯ ಹೆಸರು ವಿಚಾರಕ್ಕೆ ಅರ್ಹವಾದುದು. ಸಂದೇಶವಾಹಕನು ಬೇರೆ ಯಾರೋ ಬರೆದುಕೊಟ್ಟದ್ದನ್ನು ಹೊತ್ತೊಯ್ಯುವವನು. ಓರಗೆಯವನು ಹಾಗಲ್ಲ, ಅವನು ತನ್ನ ಮಾತಿನಲ್ಲಿ ಹೇಳುವವನು. ಈ ಎರಡರ ನಡುವಿನ ಅಂತರವನ್ನು ಮರೆತ ಕಡೆ ಓರಗೆಯ ಶಿಕ್ಷಣವು ಹೆಸರಿಗಷ್ಟೇ ಉಳಿಯುತ್ತದೆ.

3. ನುಡಿಯ ಮೂರು ಸ್ತರಗಳು

ದೇಹ ಮತ್ತು ಲೈಂಗಿಕತೆಗೆ ಸಂಬಂಧಿಸಿದ ಕನ್ನಡದ ಪದಕೋಶವನ್ನು ಸ್ಥೂಲವಾಗಿ ಮೂರು ಸ್ತರಗಳಲ್ಲಿ ಗುರುತಿಸಬಹುದು.

ಮೊದಲನೆಯದು ಪಠ್ಯಪುಸ್ತಕದ ಸ್ತರ. ಪ್ರೌಢಶಾಲೆಯ ವಿಜ್ಞಾನ ಪಾಠಗಳಲ್ಲಿ ಅಂಡಾಶಯ, ಗರ್ಭಾಶಯ, ವೃಷಣ, ಋತುಚಕ್ರ, ಋತುಸ್ರಾವ, ನಿಷೇಚನ ಮೊದಲಾದ ಸಂಸ್ಕೃತಮೂಲದ ಪಾರಿಭಾಷಿಕ ಪದಗಳು ಬರುತ್ತವೆ. ಇವು ನಿಖರ, ಮರ್ಯಾದೆಯವು, ಪರೀಕ್ಷೆಯಲ್ಲಿ ಬರೆಯಬಲ್ಲವು. ಆದರೆ ಇವುಗಳಿಗೂ ಕಲಿಯುವವರ ಮೈಗೂ ಸಂಬಂಧ ಏರ್ಪಡುವುದು ಕಷ್ಟ. ‘ಋತುಸ್ರಾವ’ಕ್ಕೆ ವ್ಯಾಖ್ಯೆ ಬರೆದು ಪೂರ್ಣ ಅಂಕ ಪಡೆದ ಹುಡುಗಿಯೇ ತನ್ನ ಹೊಟ್ಟೆನೋವನ್ನು ಶಿಕ್ಷಕಿಗೆ ಹೇಳಲಾರದೆ ಜ್ವರವೆಂದು ಹೇಳಿ ಮನೆಗೆ ಹೋಗಬಹುದು.

ಎರಡನೆಯದು ಬೈಗುಳದ ಸ್ತರ. ಜನನಾಂಗಗಳಿಗೆ ಕನ್ನಡದಲ್ಲಿ ಅಚ್ಚ ದೇಶೀ ಪದಗಳಿಲ್ಲವೆಂದಲ್ಲ. ಇದ್ದವೆಲ್ಲವೂ ಬೈಗುಳಗಳಾಗಿ ಪರಿಣಮಿಸಿವೆ. ಗಂಡುಮಕ್ಕಳು ಈ ಪದಗಳನ್ನು ಬಹು ಬೇಗ ಕಲಿಯುತ್ತಾರೆ. ಅವುಗಳ ಜೊತೆಯಲ್ಲಿಯೇ ಹೆಣ್ಣಿನ ದೇಹವನ್ನು ಕೀಳುಗೈಯುವ ಮನೋಧರ್ಮವನ್ನೂ ಕಲಿಯುತ್ತಾರೆ. ಪದ ಮತ್ತು ಮನೋಧರ್ಮಗಳನ್ನು ಬೇರ್ಪಡಿಸುವ ಅವಕಾಶ ಅವರಿಗೆ ದೊರೆಯುವುದಿಲ್ಲ.

ಮೂರನೆಯದು ಮರೆಮಾತಿನ ಸ್ತರ. ‘ಅದು’, ‘ಅಲ್ಲಿ’, ‘ಕೆಳಗೆ’, ‘ಆ ಜಾಗ’ ಎಂಬ ಸರ್ವನಾಮಗಳೂ ಸ್ಥಳವಾಚಕಗಳೂ ಈ ಸ್ತರಕ್ಕೆ ಸೇರುತ್ತವೆ. ಮನೆಗಳಲ್ಲಿ ಹೆಂಗಸರ ನಡುವೆ ಬಳಕೆಯಾಗುವ ಈ ನುಡಿಯು ಆತ್ಮೀಯವಾದುದು. ಆದರೆ ವಿಷಯವನ್ನು ಅದಾಗಲೇ ಬಲ್ಲವರಿಗೆ ಮಾತ್ರ ಅರ್ಥವಾಗುವಂಥದು. ಹೊಸದಾಗಿ ತಿಳಿಯಬೇಕಾದ ಮಗುವಿಗೆ ಅದು ಬಾಗಿಲನ್ನು ತೋರಿಸುತ್ತದೆಯೇ ಹೊರತು ತೆರೆಯುವುದಿಲ್ಲ.

ಈ ಮೂರರ ನಡುವೆ, ಅರ್ಥವಾಗುವ, ಅವಮಾನಿಸದ, ಮರೆಮಾಚದ ಒಂದು ನುಡಿ ಬೇಕು. ಅದು ಸಿದ್ಧವಾಗಿ ಎಲ್ಲಿಯೂ ಇಲ್ಲ. ಓರಗೆಯ ಶಿಕ್ಷಕರು ಪ್ರತಿಸಲವೂ ಅದನ್ನು ಕಟ್ಟಿಕೊಳ್ಳಬೇಕಾಗುತ್ತದೆ.

‘ಲೈಂಗಿಕ ಶಿಕ್ಷಣ’ ಎಂಬ ಶೀರ್ಷಿಕೆಯೇ ಈ ತೊಡಕಿಗೆ ಒಂದು ನಿದರ್ಶನ. ‘ಲಿಂಗ’ ಎಂಬ ಪದಕ್ಕೆ ಗುರುತು, ಶಿವಲಿಂಗ, ಇಷ್ಟಲಿಂಗ, ವ್ಯಾಕರಣದ ಲಿಂಗ, ಹೆಣ್ಣುಗಂಡೆಂಬ ಭೇದ ಎಂಬೆಲ್ಲ ಅರ್ಥಗಳಿವೆ. ವಿದ್ಯಾರ್ಥಿಯು ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗಗಳೆಂಬ ವರ್ಗೀಕರಣವನ್ನು ಮೊದಲು ಕೇಳುವುದು ಕನ್ನಡ ವ್ಯಾಕರಣದ ತರಗತಿಯಲ್ಲಿ. ಆದರೆ ಅದೇ ಪದದಿಂದ ಹುಟ್ಟಿದ ‘ಲೈಂಗಿಕ’ ಎಂಬ ವಿಶೇಷಣವು ಆಧುನಿಕ ಕನ್ನಡದಲ್ಲಿ ಸಂಭೋಗವೆಂಬ ಒಂದೇ ಅರ್ಥಕ್ಕೆ ಕುಗ್ಗಿದೆ. 2007ರ ವಿರೋಧದ ಬಹುಪಾಲು ಈ ಕುಗ್ಗಿದ ಅರ್ಥವನ್ನು ಆಧರಿಸಿತ್ತು. ಪಾಠದಲ್ಲಿ ಬೆಳವಣಿಗೆ, ಶುಚಿತ್ವ, ಸ್ನೇಹ, ನಿರಾಕರಿಸುವ ಹಕ್ಕು, ರಕ್ತಹೀನತೆ ಮೊದಲಾದವುಗಳಿದ್ದರೂ ಹೆಸರು ಕೇಳಿದವರಿಗೆ ಒಂದೇ ಚಿತ್ರ ಮೂಡುತ್ತಿತ್ತು.

4. ಪದದೊಳಗಿನ ನಂಬಿಕೆ

ಪದಗಳು ವಿಷಯವನ್ನು ಸೂಚಿಸುವುದರ ಜೊತೆಗೆ ಒಂದು ನಂಬಿಕೆಯನ್ನೂ ಸಾಗಿಸುತ್ತವೆ. ಹೆಣ್ಣಿನ ತಿಂಗಳ ಸ್ರಾವಕ್ಕೆ ಕನ್ನಡದಲ್ಲಿರುವ ಮಾತುಗಳನ್ನು ಒಟ್ಟಿಗಿರಿಸಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. ‘ಮುಟ್ಟು’ ಎಂಬುದು ಸ್ಪರ್ಶಕ್ಕೆ, ಅಂದರೆ ಸ್ಪರ್ಶದ ನಿಷೇಧಕ್ಕೆ ತಗುಲಿಕೊಂಡಿದೆ. ‘ಹೊರಗಾಗು’, ‘ಹೊರಗೆ ಕೂರು’, ‘ದೂರವಾಗು’ ಎಂಬವು ಆಕೆ ಎಲ್ಲಿರಬೇಕೆಂಬುದನ್ನು ಹೇಳುತ್ತವೆ. ಈ ಯಾವ ಮಾತೂ ದೇಹದಲ್ಲಿ ಏನಾಗುತ್ತಿದೆ ಎಂಬುದನ್ನು ಹೇಳುವುದಿಲ್ಲ. ಉಳಿದವರು ಆಕೆಯೊಂದಿಗೆ ಹೇಗೆ ನಡೆದುಕೊಳ್ಳಬೇಕೆಂಬುದನ್ನು ಹೇಳುತ್ತವೆ. ಹನ್ನೆರಡನೆಯ ಶತಮಾನದ ಶರಣರು ಜನನ, ಮರಣ, ಎಂಜಲು, ಜಾತಿಗಳ ಸೂತಕಗಳೊಂದಿಗೆ ರಜಸ್ಸಿನ ಸೂತಕವನ್ನೂ ಅಲ್ಲಗಳೆದುದು ಈ ಹಿನ್ನೆಲೆಯಲ್ಲಿ ಮಹತ್ವದ್ದು. ಆಚರಣೆಯಲ್ಲಿ ಸೂತಕ ಉಳಿದುಬಂದುದಕ್ಕೆ ಹಲವು ಕಾರಣಗಳಿವೆ. ನಿತ್ಯದ ಮಾತಿನಲ್ಲಿ ಅದು ಬೇರುಬಿಟ್ಟಿರುವುದೂ ಅವುಗಳಲ್ಲಿ ಒಂದು.

ಇದೇ ಪದಕೋಶದಲ್ಲಿ ಬೇರೆ ಬಗೆಯ ಮಾತುಗಳೂ ಇವೆ ಎಂಬುದನ್ನು ಗಮನಿಸಬೇಕು. ‘ಮೈನೆರೆ’ ಎಂಬ ಕ್ರಿಯಾಪದದಲ್ಲಿ ಮೈ ತುಂಬಿಕೊಳ್ಳುವ ಭಾವವಿದೆ. ‘ದೊಡ್ಡವಳಾಗು’ ಎಂಬುದರಲ್ಲಿ ಬೆಳವಣಿಗೆಯ ಭಾವವಿದೆ. ‘ತಿಂಗಳು’ ಎಂಬುದು ಕಾಲವನ್ನಷ್ಟೇ ಹೇಳುವ ನಿರ್ಲಿಪ್ತ ಪದ. ಓರಗೆಯ ಶಿಕ್ಷಕಿಯು ‘ಹೊರಗೆ’ ಎಂಬ ಮಾತಿನ ಬದಲು ‘ತಿಂಗಳಾಯಿತು’ ಎಂಬ ಮಾತನ್ನು ತರಗತಿಯಲ್ಲಿ ರೂಢಿಗೆ ತಂದರೆ ಅದು ಮೇಲ್ನೋಟಕ್ಕೆ ಸಣ್ಣ ಬದಲಾವಣೆ. ಆದರೆ ಆ ಬದಲಾವಣೆಯೊಂದಿಗೆ ಹುಡುಗಿಯು ಹೊರಗಿನಿಂದ ಒಳಗೆ ಬಂದಂತಾಗುತ್ತದೆ.

ಗಂಡುಮಕ್ಕಳ ವಿಷಯದಲ್ಲಿ ಸಮಸ್ಯೆಯ ರೂಪ ಬೇರೆ. ಹುಡುಗನ ದೇಹದ ಬದಲಾವಣೆಗೆ ದನಿ ಒಡೆಯುವುದು, ಮೀಸೆ ಚಿಗುರುವುದು ಎಂಬ ಹೊರಗಿನ ಗುರುತುಗಳನ್ನು ಬಿಟ್ಟರೆ ‘ಮೈನೆರೆ’ಗೆ ಸಮನಾದ ಮಾತಿಲ್ಲ. ‘ವೀರ್ಯ’ ಎಂಬ ಪದಕ್ಕೆ ಪರಾಕ್ರಮವೆಂಬ ಅರ್ಥವೂ ಇದೆ. ‘ಧಾತು’ ಎಂಬುದು ಆಯುರ್ವೇದದ ಶರೀರಕಲ್ಪನೆಯಿಂದ ಬಂದ ಪದ. ನಿದ್ದೆಯಲ್ಲಿ ಆಗುವ ಸ್ಖಲನವು ಸಹಜವೆಂದು ವೈದ್ಯಶಾಸ್ತ್ರವು ಎಷ್ಟೇ ಹೇಳಿದರೂ ‘ವೀರ್ಯನಷ್ಟ’, ‘ಧಾತುನಷ್ಟ’ ಎಂಬ ಪದಗಳು ಶಕ್ತಿಯೇ ಸೋರಿಹೋಯಿತೆಂಬ ಭಯವನ್ನು ಹುಟ್ಟಿಸುತ್ತವೆ. ಬಸ್ ನಿಲ್ದಾಣಗಳ ಆಸುಪಾಸಿನ ಗೋಡೆಗಳ ಮೇಲೆ ಕಾಣುವ ‘ಗುಪ್ತರೋಗ’ ಮತ್ತು ‘ನರದೌರ್ಬಲ್ಯ’ ಚಿಕಿತ್ಸೆಯ ಜಾಹೀರಾತುಗಳು ಬದುಕಿರುವುದು ಈ ಭಯದಿಂದಲೇ. ಶಾಲೆ ಮೌನವಾಗಿದ್ದ ಕಡೆ ಗೋಡೆ ಮಾತನಾಡಿದೆ. ಹದಿನಾಲ್ಕರ ಹುಡುಗನೊಬ್ಬನು ಈ ಭಯವನ್ನು ಅಧ್ಯಾಪಕರ ಮುಂದೆ ಹೇಳಿಕೊಳ್ಳುವುದು ಅಪರೂಪ. ಅದೇ ಅನುಭವದಿಂದ ಹಾದುಬಂದ, ಎರಡು ವರ್ಷ ದೊಡ್ಡವನಾದ ಗೆಳೆಯನು ‘ಇದು ಎಲ್ಲರಿಗೂ ಆಗುವುದೇ’ ಎಂದು ಹೇಳಿದರೆ ಆ ಮಾತಿಗೆ ಬರುವ ಬಲವು ಪಾಠಕ್ಕೆ ಬರುವುದಿಲ್ಲ.

5. ಪರಂಪರೆಯಲ್ಲಿ ಓರಗೆಯ ತಿಳಿವಳಿಕೆ

ಈ ವಿಷಯವನ್ನು ಕುರಿತು ಮಾತನಾಡುವುದೇ ನಮ್ಮ ಸಂಸ್ಕೃತಿಗೆ ಹೊರತಾದುದು ಎಂಬ ವಾದವು ಆಗಾಗ ಕೇಳಿಬರುತ್ತದೆ. ಸಾಹಿತ್ಯಚರಿತ್ರೆಯೂ ಜಾನಪದವೂ ಇದನ್ನು ಸಮರ್ಥಿಸುವುದಿಲ್ಲ. ಹನ್ನೊಂದನೆಯ ಶತಮಾನದಲ್ಲಿ ಚಂದ್ರರಾಜನು ‘ಮದನತಿಲಕ’ವನ್ನೂ ಹದಿನೈದನೆಯ ಶತಮಾನದಲ್ಲಿ ಕಲ್ಲರಸನು ‘ಜನವಶ್ಯ’ವನ್ನೂ ರಚಿಸಿದರು. ಇವು ನಾಗರಿಕ ಪುರುಷರನ್ನು ಉದ್ದೇಶಿಸಿದ ಕಾಮಶಾಸ್ತ್ರಗಳು. ಮಕ್ಕಳ ಶಿಕ್ಷಣಕ್ಕೂ ಇವಕ್ಕೂ ಸಂಬಂಧವಿಲ್ಲ. ಆದರೆ ಕನ್ನಡವು ಈ ವಸ್ತುವನ್ನು ಶಾಸ್ತ್ರದ ಮಟ್ಟದಲ್ಲಿ ನಿಭಾಯಿಸಬಲ್ಲ ಭಾಷೆಯಾಗಿತ್ತು ಎಂಬುದಕ್ಕೆ ಇವು ಸಾಕ್ಷಿ.

ಹಳೆಯ ಮೈಸೂರು ಭಾಗದ ಹಲವು ಸಮುದಾಯಗಳಲ್ಲಿ ಹುಡುಗಿ ಮೈನೆರೆದಾಗ ಸೋದರಮಾವನು ಹಸಿರುಸೊಪ್ಪಿನ ಗುಡ್ಲು ಹಾಕುವುದು, ಚಿಗಳಿ, ಕೊಬ್ಬರಿ, ಬೆಲ್ಲಗಳನ್ನು ತಿನ್ನಿಸುವುದು, ಸಂಜೆಯ ಹೊತ್ತು ಹೆಂಗಸರು ಸೇರಿ ಸೋಬಾನೆ ಹಾಡುವುದು, ಕೊನೆಗೆ ಒಸಗೆ ಮಾಡುವುದು ರೂಢಿಯಲ್ಲಿದ್ದಿತು. ಕೆಲವೆಡೆ ಇಂದಿಗೂ ಇದೆ. ಹುಡುಗಿಯನ್ನು ಒಂಟಿಯಾಗಿ ಬಿಡದೆ ಓರಗೆಯ ಗೆಳತಿಯರು ಜೊತೆಗಿರುವುದು ಈ ಆಚರಣೆಯ ಸೊಗಸಾದ ಅಂಶ. ಆದರೆ ಇದರ ಇನ್ನೊಂದು ಮುಖವನ್ನೂ ನೋಡಬೇಕು. ಒಸಗೆಯು ಮಗಳು ಮದುವೆಗೆ ಸಿದ್ಧಳಾದಳೆಂದು ಊರಿಗೆ ಸಾರುವ ಕ್ರಮವೂ ಹೌದು. ಅಲ್ಲಿ ಹುಡುಗಿಯ ಬಗ್ಗೆ ಮಾತುಂಟು, ಹುಡುಗಿಯ ಪ್ರಶ್ನೆಗೆ ಉತ್ತರವಿಲ್ಲ.

ದೇಹದ ಮಾತಿಗೆ ವಿಧಿವತ್ತಾದ ಪರವಾನಗಿ ನೀಡುವ ಹಬ್ಬಗಳೂ ಈ ಸೀಮೆಯಲ್ಲಿವೆ. ನಾಗರಹೊಳೆ ಕಾಡಂಚಿನ ಜೇನುಕುರುಬ, ಬೆಟ್ಟಕುರುಬ, ಯರವ ಸಮುದಾಯಗಳವರು ಮೇ ತಿಂಗಳಿನಲ್ಲಿ ಕೊಡಗಿನ ದೇವರಪುರದಲ್ಲಿ ಸೇರಿ ನಡೆಸುವ ಕುಂಡೆ ಹಬ್ಬದಲ್ಲಿ ಬೈಗುಳವೇ ಹರಕೆ. ವರ್ಷದಲ್ಲಿ ಒಂದು ದಿನ ಎಲ್ಲರೆದುರು ಆಡಬಹುದಾದ ಮಾತು ಉಳಿದ ದಿನಗಳಲ್ಲಿ ನಿಷಿದ್ಧ. ಸಮಾಜವು ಈ ನುಡಿಯನ್ನು ಅಳಿಸಿಹಾಕದೆ ಅದಕ್ಕೆ ಒಂದು ಕಾಲ, ಒಂದು ಸ್ಥಳವನ್ನು ನಿಗದಿಪಡಿಸಿದೆ. ಇಂದಿನ ಶಾಲೆಯಲ್ಲಿ ಅಂಥ ಒಂದು ಕಾಲ ಮತ್ತು ಸ್ಥಳವನ್ನು ಬೇರೆ ಉದ್ದೇಶಕ್ಕಾಗಿ, ಬೇರೆ ಮರ್ಯಾದೆಯೊಂದಿಗೆ ಕಲ್ಪಿಸುವುದು ಓರಗೆಯ ಶಿಕ್ಷಣದ ಕೆಲಸ.

ಆಧುನಿಕ ಕನ್ನಡದಲ್ಲಿ ವೈದ್ಯಸಾಹಿತ್ಯವನ್ನು ಜನಪ್ರಿಯಗೊಳಿಸಿದ ಡಾ. ಅನುಪಮಾ ನಿರಂಜನ (1934–1991) ಅವರ ಕೃತಿಗಳ ಹೆಸರುಗಳು ಇಲ್ಲಿ ಸ್ಮರಣೀಯ: ‘ವಧುವಿಗೆ ಕಿವಿಮಾತು’, ‘ದಾಂಪತ್ಯ ದೀಪಿಕೆ’, ‘ತಾಯಿ ಮಗು’. ಈ ಪುಸ್ತಕಗಳು ಒಂದು ತಲೆಮಾರಿನ ಓದುಗಿಯರಿಗೆ ಅವರ ದೇಹವನ್ನು ಪರಿಚಯಿಸಿದವು. ಆದರೆ ಹೆಸರುಗಳು ಕರೆಯುವುದು ವಧುವನ್ನು, ದಂಪತಿಗಳನ್ನು, ತಾಯಿಯನ್ನು. ಆ ಕಾಲದಲ್ಲಿ ಈ ತಿಳಿವಳಿಕೆಗೆ ಸಮಾಜವು ನೀಡಿದ್ದ ಬಾಗಿಲು ಮದುವೆ ಮಾತ್ರ. ಲೇಖಕಿಯು ಆ ಬಾಗಿಲಿನಿಂದಲೇ ಪ್ರವೇಶಿಸಬೇಕಾಗಿತ್ತು. ಮೈನೆರೆಯುವುದಕ್ಕೂ ಮದುವೆಗೂ ನಡುವೆ ಹೆಚ್ಚು ಅಂತರವಿಲ್ಲದಿದ್ದಾಗ ಇದು ಸಾಕಾಗುತ್ತಿತ್ತೇನೋ. ಈಗ ಆ ನಡುವೆ ಪ್ರೌಢಶಾಲೆ, ಕಾಲೇಜುಗಳೆಂಬ ಏಳೆಂಟು ವರ್ಷಗಳ ಅವಧಿ ಬಂದು ಸೇರಿದೆ. ‘ಹದಿಹರೆಯ’ ಎಂಬ ಪದವೇ ಹದಿಮೂರು, ಹದಿನಾಲ್ಕುಗಳ ‘ಹದಿ’ಯನ್ನು ಹಳೆಯ ‘ಹರೆಯ’ಕ್ಕೆ ಜೋಡಿಸಿ ಆಧುನಿಕ ಕಾಲದಲ್ಲಿ ಕಟ್ಟಿದ್ದು. ವಯಸ್ಸಿಗೆ ಹೆಸರು ಬಂದಿದೆ, ಆ ವಯಸ್ಸಿನವರೊಂದಿಗೆ ಆಡಬೇಕಾದ ನುಡಿ ಇನ್ನೂ ಬಂದಿಲ್ಲ. ಇತ್ತ ರಾಜ್ಯದಲ್ಲಿ ಬಾಲ್ಯವಿವಾಹವೂ ಪೂರ್ತಿ ಅಳಿದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಮಹಿಳೆಯರಲ್ಲಿ ಸುಮಾರು ಶೇಕಡ 21ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಅವರ ಪಾಲಿಗೆ ಕಿವಿಮಾತು ತಡವಾಗಿ ಬಂದಿತು, ಇಲ್ಲವೇ ಬರಲೇ ಇಲ್ಲ.

6. ಗುರುಪುರದ ಸುತ್ತಲಿನ ಭಾಷಾಪರಿಸರ

ನಡುಮಟ್ಟದ ನುಡಿಯನ್ನು ರಾಜಧಾನಿಯಲ್ಲಿ ಕುಳಿತು ಒಮ್ಮೆಗೇ ರಚಿಸಿ ಎಲ್ಲೆಡೆ ಹಂಚಲಾಗದು ಎಂಬುದಕ್ಕೆ ಗುರುಪುರದ ಪರಿಸರವು ಉತ್ತಮ ನಿದರ್ಶನ. 1970ರ ದಶಕದ ಆರಂಭದಲ್ಲಿ ಇಲ್ಲಿ ಟಿಬೆಟನ್ ನಿರಾಶ್ರಿತರ ವಸತಿಪ್ರದೇಶವು ಸ್ಥಾಪನೆಯಾಯಿತು. ಗ್ಯುಮೆ ತಾಂತ್ರಿಕ ವಿಹಾರವೂ ಇಲ್ಲಿದೆ. ಈ ವಸತಿಯ ಮಕ್ಕಳ ಮನೆಮಾತು ಟಿಬೆಟನ್, ಶಾಲೆಯಲ್ಲಿ ಇಂಗ್ಲಿಷ್ ಮತ್ತು ಹಿಂದಿ, ಅಂಗಡಿ ಮತ್ತು ಬಸ್ಸಿನಲ್ಲಿ ಕನ್ನಡ. ಇದೇ ತಾಲ್ಲೂಕಿನ ನಾಗಾಪುರದಲ್ಲಿ ನಾಗರಹೊಳೆ ಕಾಡಿನಿಂದ ಹೊರಬಂದ ಆದಿವಾಸಿ ಕುಟುಂಬಗಳ ಪುನರ್ವಸತಿ ಹಾಡಿಗಳಿವೆ. ಜೇನುಕುರುಬರ ನುಡಿಯು ಕನ್ನಡದ ಹತ್ತಿರದ ಬಂಧು. ಯರವರ ನುಡಿಯು ಕನ್ನಡಕ್ಕಿಂತ ಮಲಯಾಳ ಮತ್ತು ಕೊಡವ ನುಡಿಗಳಿಗೆ ಸಮೀಪವಾದುದು. ಆಶ್ರಮಶಾಲೆಯಿಂದ ಪ್ರೌಢಶಾಲೆಗೆ ಬರುವ ಈ ಮಕ್ಕಳಿಗೆ ಪಠ್ಯದ ಕನ್ನಡವೂ ಎರಡನೆಯ ಭಾಷೆ, ಅದರೊಳಗಿನ ಸಂಸ್ಕೃತ ಪದವು ಮೂರನೆಯದು.

ಇವರ ಪಕ್ಕದಲ್ಲಿಯೇ ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪು ಬೆಳೆಯುವ ಗ್ರಾಮಗಳ ಒಕ್ಕಲುಮಕ್ಕಳು, ಕೊಡಗಿನ ಕಾಫಿತೋಟಗಳಿಗೆ ಕೂಲಿಗೆ ಹೋಗಿಬರುವವರ ಮಕ್ಕಳು, ಕೃಷ್ಣರಾಜನಗರದ ಕಾವೇರಿ ನಾಲೆಯ ಬಯಲಿನ ಮಕ್ಕಳು ಇದ್ದಾರೆ. ಹೊಗೆಸೊಪ್ಪು ಕೊಯ್ದು ಬೇಯಿಸುವ ಸಮಯದಲ್ಲಿ ಮನೆಮಂದಿಯೆಲ್ಲ ದುಡಿಯಬೇಕಾಗುತ್ತದೆ. ಶಾಲೆಯ ಹಾಜರಿ ಏರುಪೇರಾಗುತ್ತದೆ. ಹೀಗಿರುವಾಗ ವರ್ಷಕ್ಕೊಮ್ಮೆ ಬಂದುಹೋಗುವ ತಜ್ಞರ ಉಪನ್ಯಾಸವು ಹಲವರನ್ನು ತಲುಪುವುದೇ ಇಲ್ಲ. ಜೊತೆಯಲ್ಲಿ ನಡೆದು ಬರುವ ಗೆಳತಿಯು ತಲುಪುತ್ತಾಳೆ.

ಈ ಸೀಮೆಯಲ್ಲಿ ಸ್ಥಳೀಯರ ಮೂಲಕವೇ ಆರೋಗ್ಯದ ಕೆಲಸ ಮಾಡಿದ ಪರಂಪರೆಯೊಂದಿದೆ. 1984ರಲ್ಲಿ ಸ್ಥಾಪನೆಯಾದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸಂಸ್ಥೆಯು ಹೆಗ್ಗಡದೇವನಕೋಟೆ ಭಾಗದ ಆದಿವಾಸಿಗಳ ನಡುವೆ ಆಸ್ಪತ್ರೆ ಮತ್ತು ಶಾಲೆ ಎರಡನ್ನೂ ಕಟ್ಟಿತು. ಮೈಸೂರು ನಗರದಲ್ಲಿ 2005ರಲ್ಲಿ ರೂಪುಗೊಂಡ ಆಶೋದಯ ಸಮಿತಿಯದು ಇನ್ನೊಂದು ಬಗೆಯ ನಿದರ್ಶನ. ಲೈಂಗಿಕ ವೃತ್ತಿಯಲ್ಲಿರುವವರೇ ಕಟ್ಟಿ ನಡೆಸಿದ ಈ ಸಂಘಟನೆಯಲ್ಲಿ ಎಚ್‌ಐವಿ ತಡೆಯ ಕೆಲಸವನ್ನು ಆ ಸಮುದಾಯದ ಸದಸ್ಯರೇ ಕೈಗೆತ್ತಿಕೊಂಡರು. ವಯಸ್ಕರ ಈ ಪ್ರಯೋಗವನ್ನು ಶಾಲೆಗೆ ಹಾಗೆಯೇ ತರಲಾಗದು. ಆದರೂ ಅದರಿಂದ ಕಲಿಯಬೇಕಾದ ಒಂದು ಪಾಠವಿದೆ. ಓರಗೆಯವರು ಸಂದೇಶವನ್ನು ಸಾಗಿಸುವ ಕೆಲಸಕ್ಕಷ್ಟೇ ಸೀಮಿತರಾಗದೆ, ಏನನ್ನು ಹೇಗೆ ಹೇಳಬೇಕೆಂಬ ನಿರ್ಧಾರದಲ್ಲಿಯೂ ಪಾಲ್ಗೊಂಡಾಗ ಮಾತ್ರ ಮಾತು ನಾಟುತ್ತದೆ.

7. ಕ್ರಮ ಮತ್ತು ಮಿತಿ

ಓರಗೆಯ ಶಿಕ್ಷಣದ ರೂಪುರೇಷೆಯು ಸರಳವಾದುದು. ಎಂಟರಿಂದ ಹತ್ತನೆಯ ತರಗತಿಯವರೆಗಿನ ವಿದ್ಯಾರ್ಥಿಗಳಲ್ಲಿ ಹುಡುಗಿಯರನ್ನೂ ಹುಡುಗರನ್ನೂ ಸಮನಾಗಿ ಆರಿಸಿ, ಅವರಿಗೆ ಹಲವು ದಿನಗಳ ತರಬೇತಿ ನೀಡಲಾಗುತ್ತದೆ. ಅವರು ಸಣ್ಣ ಗುಂಪುಗಳಲ್ಲಿ, ಮೊದಲು ಹುಡುಗಿಯರು ಮತ್ತು ಹುಡುಗರು ಪ್ರತ್ಯೇಕವಾಗಿ, ಅನಂತರ ಕೆಲವು ವಿಷಯಗಳಿಗೆ ಒಟ್ಟಾಗಿ ಮಾತುಕತೆ ನಡೆಸುತ್ತಾರೆ. ಹೆಸರಿಲ್ಲದೆ ಚೀಟಿ ಹಾಕುವ ಪ್ರಶ್ನೆಪೆಟ್ಟಿಗೆ, ಕಿರುನಾಟಕ, ಕತೆ, ಚಿತ್ರ ಇವು ಸಾಧನಗಳು. ಪ್ರಶ್ನೆಪೆಟ್ಟಿಗೆಯ ಚೀಟಿಗಳು ಭಾಷಾಸಂಶೋಧಕರಿಗೆ ವಿಶೇಷ ಮೌಲ್ಯದವು. ಮಕ್ಕಳು ತಮಗೆ ತಿಳಿದ ಪದದಲ್ಲಿಯೇ ಪ್ರಶ್ನೆ ಬರೆಯುತ್ತಾರೆ.

ತರಬೇತಿಯ ಮುಖ್ಯ ಪಾಠವು ‘ಗೊತ್ತಿಲ್ಲ, ಕೇಳಿ ಹೇಳುತ್ತೇನೆ’ ಎನ್ನುವುದನ್ನು ಕಲಿಸುವುದು. ಓರಗೆಯ ಶಿಕ್ಷಕನು ವೈದ್ಯನಲ್ಲ, ಆಪ್ತಸಲಹೆಗಾರನೂ ಅಲ್ಲ. ತನಗೆ ಮೀರಿದ ವಿಷಯವನ್ನು ಶಿಕ್ಷಕಿಗೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಹದಿಹರೆಯದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಸ್ನೇಹ ಕ್ಲಿನಿಕ್‌ಗೆ, ಇಲ್ಲವೇ 1098 ಮಕ್ಕಳ ಸಹಾಯವಾಣಿಗೆ ಮುಟ್ಟಿಸುವುದು ಅವನ ಹೊಣೆ.

ಈ ಕ್ರಮದ ಫಲವನ್ನು ಉತ್ಪ್ರೇಕ್ಷಿಸಬಾರದು. ಹಲವು ದೇಶಗಳ ಅಧ್ಯಯನಗಳಿಂದ ತಿಳಿದುಬರುವುದೇನೆಂದರೆ ಓರಗೆಯ ಶಿಕ್ಷಣವು ತಿಳಿವಳಿಕೆಯನ್ನೂ ಧೋರಣೆಯನ್ನೂ ಸುಧಾರಿಸುತ್ತದೆ. ನಡವಳಿಕೆಯನ್ನು ಅದೊಂದೇ ಬದಲಾಯಿಸುತ್ತದೆಂಬುದಕ್ಕೆ ಆಧಾರ ದುರ್ಬಲ. ಹೆಚ್ಚಿನ ಲಾಭ ದೊರೆಯುವುದು ಶಿಕ್ಷಕರಾಗಿ ಆಯ್ಕೆಯಾದ ಮಕ್ಕಳಿಗೇ. ಕರ್ನಾಟಕದಲ್ಲಿಯೂ ಇದಕ್ಕೆ ಹತ್ತಿರದ ಅನುಭವವಿದೆ. ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳ ಗ್ರಾಮಗಳಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳ ಹುಡುಗಿಯರ ಶಾಲಾಶಿಕ್ಷಣ ಮತ್ತು ಬಾಲ್ಯವಿವಾಹ ತಡೆಗಾಗಿ ನಡೆದ ‘ಸಮತಾ’ ಕಾರ್ಯಕ್ರಮದ ಮೌಲ್ಯಮಾಪನವು 2019ರಲ್ಲಿ ಪ್ರಕಟವಾಯಿತು. ಕಾರ್ಯಕ್ರಮ ನಡೆದ ಮತ್ತು ನಡೆಯದ ಗ್ರಾಮಗಳ ನಡುವೆ ಒಟ್ಟಾರೆಯಾಗಿ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ಹುಡುಗಿಯರ ಗುಂಪುಗಳೊಂದಿಗೆ ಕೆಲಸ ಮಾಡುವುದು ಅಗತ್ಯ, ಆದರೆ ಸಾಲದು ಎಂಬುದು ಇದರಿಂದ ವಿದಿತವಾಗುತ್ತದೆ.

ಆಯ್ಕೆಯಲ್ಲಿಯೂ ಅಪಾಯಗಳಿವೆ. ಶಿಕ್ಷಕರು ಸಾಮಾನ್ಯವಾಗಿ ಹೆಚ್ಚು ಅಂಕ ಪಡೆಯುವ, ಚೆನ್ನಾಗಿ ಮಾತನಾಡುವ ಮಕ್ಕಳನ್ನೇ ಆರಿಸುವ ಸಂಭವವಿದೆ. ಅಂಥವರು ಕೊನೆಯ ಬೆಂಚಿನವರಿಗೆ ಓರಗೆಯವರಲ್ಲ, ಕಿರಿಯ ಅಧ್ಯಾಪಕರು. ಜಾತಿಯ ಅಂತರವು ವಯಸ್ಸಿನ ಸಮಾನತೆಯನ್ನು ಅಳಿಸಿಬಿಡಬಹುದು. ಹಾಡಿಯ ಹುಡುಗಿಯು ಒಕ್ಕಲುಮನೆಯ ಹುಡುಗಿಯ ಮುಂದೆ ತನ್ನ ಕಷ್ಟವನ್ನು ಹೇಳಿಕೊಳ್ಳಲಾರಳು. ಗುಟ್ಟು ಹೊರಬಿದ್ದರೆ ಆಗುವ ಹಾನಿಯೂ ಓರಗೆಯವರ ನಡುವೆಯೇ ಹೆಚ್ಚು. ಶಾಲೆ ಬಿಟ್ಟವರಂತೂ ಈ ವ್ಯವಸ್ಥೆಯ ಹೊರಗೇ ಉಳಿಯುತ್ತಾರೆ.

ಕಾನೂನಿನ ಆಯಾಮವೂ ಇದೆ. 2012ರ ಪೋಕ್ಸೊ ಕಾಯಿದೆಯ ಪ್ರಕಾರ 18 ವರ್ಷದೊಳಗಿನವರ ಮೇಲಿನ ಲೈಂಗಿಕ ಅಪರಾಧವು ತಿಳಿದುಬಂದಲ್ಲಿ ವರದಿ ಮಾಡುವುದು ಕಡ್ಡಾಯ. ವರದಿ ಮಾಡದಿರುವುದಕ್ಕೆ ಇರುವ ಶಿಕ್ಷೆಯಿಂದ ಮಕ್ಕಳಿಗೆ ವಿನಾಯಿತಿಯಿದೆ. ಆದುದರಿಂದ ಗೆಳತಿಯ ನೋವನ್ನು ಕೇಳಿಸಿಕೊಂಡ ಹುಡುಗಿಯು ಅದನ್ನು ಯಾರಿಗೆ ಹೇಳಬೇಕೆಂಬುದು ತರಬೇತಿಯಲ್ಲಿ ಸ್ಪಷ್ಟವಾಗಿರಬೇಕು. ‘ಯಾರಿಗೂ ಹೇಳುವುದಿಲ್ಲ’ ಎಂಬ ಭರವಸೆಯನ್ನು ಅವಳು ನೀಡಬಾರದು. 2022ರ ನವೆಂಬರ್‌ನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಧಾರವಾಡ ಪೀಠವು ಒಂಬತ್ತನೆಯ ತರಗತಿಯಿಂದ ಮೇಲಿನ ವಿದ್ಯಾರ್ಥಿಗಳಿಗೆ ಈ ಕಾಯಿದೆಯ ಅರಿವು ಮೂಡಿಸಲು ಶಿಕ್ಷಣ ಇಲಾಖೆಗೆ ಸೂಚಿಸಿತು. 2024ರ ಸೆಪ್ಟೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಸಮಗ್ರ ಲೈಂಗಿಕ ಶಿಕ್ಷಣದ ಅಗತ್ಯವನ್ನು ಎತ್ತಿಹಿಡಿಯಿತು.

ಇಲ್ಲಿಯೂ ಮೂಲದಲ್ಲಿರುವುದು ಪದದ ಪ್ರಶ್ನೆಯೇ. ತನ್ನ ಅಂಗಕ್ಕೆ ಹೆಸರೇ ತಿಳಿಯದ ಮಗುವು ತನಗೆ ಆದದ್ದನ್ನು ಹೇಳಲಾರದು. ಬೈಗುಳದ ಪದ ಮಾತ್ರ ತಿಳಿದ ಮಗುವು ಅದನ್ನು ಪೊಲೀಸರ ಮುಂದೆ, ನ್ಯಾಯಾಧೀಶರ ಮುಂದೆ ಆಡಲು ಅಂಜುತ್ತದೆ. ‘ಅಲ್ಲಿ’ ಎಂದು ಮಾತ್ರ ಹೇಳಿದ ಮಾತನ್ನು ಕೇಳುವವರು ತಮಗೆ ತೋಚಿದಂತೆ ಅರ್ಥೈಸುತ್ತಾರೆ. ನಡುಮಟ್ಟದ ನುಡಿಯ ಕೊರತೆಯು ಹೀಗೆ ಮಗುವಿನ ನ್ಯಾಯವನ್ನೇ ಕಸಿಯಬಲ್ಲದು.

8. ಸಮಾರೋಪ

ಇದುವರೆಗಿನ ಯೋಜನೆಗಳಲ್ಲಿ ಭಾಷೆಯ ಕೆಲಸವನ್ನು ಕೊನೆಯ ಹಂತದ ಅನುವಾದವೆಂದು ಭಾವಿಸಲಾಗಿದೆ. ಸಾಮಗ್ರಿಯು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಸಿದ್ಧವಾಗಿ, ಅನಂತರ ಕನ್ನಡಕ್ಕೆ ಬರುತ್ತದೆ. ಹೀಗೆ ಬಂದ ಕನ್ನಡವು ಪಾರಿಭಾಷಿಕ ಸ್ತರವನ್ನು ಬಿಟ್ಟು ಕೆಳಗಿಳಿಯುವುದಿಲ್ಲ. ಓರಗೆಯ ಮಕ್ಕಳು ಅದನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ, ಮಾತುಕತೆ ನಡೆಯುವುದಿಲ್ಲ.

ಈ ಸ್ಥಿತಿಯನ್ನು ಬದಲಾಯಿಸುವಲ್ಲಿ ಕನ್ನಡ ವಿಭಾಗಗಳು ಮಾಡಬಹುದಾದ ಕೆಲಸಗಳು ಮೂರು. ಮೊದಲನೆಯದಾಗಿ, ಕ್ಷೇತ್ರಕಾರ್ಯದ ಮೂಲಕ ದೇಹ ಮತ್ತು ಆರೋಗ್ಯಕ್ಕೆ ಸಂಬಂಧಿಸಿದ ಪ್ರಾದೇಶಿಕ ಪದಗಳನ್ನು ತಾಲ್ಲೂಕುವಾರು ಸಂಗ್ರಹಿಸುವುದು. ಹೆಂಗಸರ ಮಾತು, ಸೂಲಗಿತ್ತಿಯರ ಮಾತು, ಆದಿವಾಸಿ ನುಡಿಗಳು ಇದರಲ್ಲಿ ಸೇರಬೇಕು. ವೃತ್ತಿಪದಕೋಶಗಳನ್ನು ಸಿದ್ಧಪಡಿಸಿದ ಅನುಭವವುಳ್ಳ ಕನ್ನಡ ಸಂಶೋಧನೆಗೆ ಇದು ಹೊಸದಲ್ಲ. ಎರಡನೆಯದಾಗಿ, ಹೀಗೆ ದೊರೆತ ಪದಗಳಲ್ಲಿ ಅವಮಾನವನ್ನು ಸಾಗಿಸುವವು ಯಾವುವು, ಸಾಗಿಸದವು ಯಾವುವು ಎಂಬುದನ್ನು ಅರ್ಥವಿಜ್ಞಾನದ ನೆಲೆಯಲ್ಲಿ ವಿಂಗಡಿಸುವುದು. ಮೂರನೆಯದಾಗಿ, ಮಕ್ಕಳನ್ನೇ ಜೊತೆಗಿರಿಸಿಕೊಂಡು ಆ ಪದಗಳಿಂದ ಕಿರುಪಾಠಗಳನ್ನು ರಚಿಸಿ, ತರಗತಿಯಲ್ಲಿ ಪ್ರಯೋಗಿಸಿ ತಿದ್ದುವುದು. ಪ್ರೌಢಶಾಲೆಯ ಕನ್ನಡ ಅಧ್ಯಾಪಕರಿಗೆ ಈ ಕೆಲಸದಲ್ಲಿ ವಿಜ್ಞಾನದ ಅಧ್ಯಾಪಕರಿಗಿಂತ ಕಡಿಮೆಯ ಪಾಲೇನೂ ಇಲ್ಲ.

ಪಂಪನ ಕಾವ್ಯವನ್ನೂ ವಚನಗಳನ್ನೂ ಜನಪದ ಗೀತೆಗಳನ್ನೂ ಪಾಠ ಮಾಡುವ ತರಗತಿಯಲ್ಲಿ ದೇಹದ ಪ್ರಸ್ತಾಪ ಬಂದಾಗ ಅಧ್ಯಾಪಕರು ಆ ಪದ್ಯವನ್ನು ದಾಟಿಹೋಗುವುದು ರೂಢಿಯಲ್ಲಿರುವ ಸಂಗತಿ. ಹಾಗೆ ದಾಟಿಹೋದ ಪ್ರತಿಸಲವೂ ಮಕ್ಕಳಿಗೆ ಕಲಿಸಿದ್ದು ಒಂದು ಪಾಠವನ್ನೇ: ಈ ವಿಷಯಕ್ಕೆ ಕನ್ನಡದಲ್ಲಿ ಮರ್ಯಾದೆಯ ಮಾತಿಲ್ಲ ಎಂಬ ಪಾಠ. ಮಾತು ಇದೆ, ಇಲ್ಲದ ಕಡೆ ಕಟ್ಟಬಹುದು ಎಂಬುದನ್ನು ತೋರಿಸಿಕೊಡುವ ಹೊಣೆಯು ಭಾಷೆಯನ್ನು ಬಲ್ಲವರ ಮೇಲಿದೆ. ಉಳಿದುದನ್ನು ಓರಗೆಯವರು ತಮ್ಮತಮ್ಮಲ್ಲಿ ಮಾತನಾಡಿಕೊಳ್ಳಬಲ್ಲರು.